ಮನೆಯ ಸೆಪ್ಟಿಕ್ ಟ್ಯಾಂಕ್: ತುಂಬಿ ಉಕ್ಕುವ ಮೊದಲೇ ಹೂಳು ತೆಗೆಸುವ ಕ್ರಮ

ಎರೆನೆಲದ ಹಾಗೂ ನದಿತೀರದ ಗ್ರಾಮಗಳಿಗೆ ಅಧ್ಯಯನ ಪಾಠ
ಕೆಂಚನಗುಡ್ಡ, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ

1. ಪಾಠದ ಉದ್ದೇಶ

ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿಸುವ ಕೆಲಸಕ್ಕೆ ದೊರೆತಷ್ಟು ಗಮನ ಶೌಚಾಲಯದ ಹಿಂದೆ ಮಣ್ಣಿನಡಿ ಇರುವ ಟ್ಯಾಂಕಿಗೆ ದೊರೆತಿಲ್ಲ. ಬಹುಪಾಲು ಕುಟುಂಬಗಳಿಗೆ ಅದರ ನೆನಪಾಗುವುದು ಅದು ತುಂಬಿ ಉಕ್ಕಿದ ದಿನ. ಅಂದು ಕಾಯಲು ಸಮಯವಿರುವುದಿಲ್ಲ. ಟ್ಯಾಂಕರ್ ಬರುವುದು ಎರಡು ದಿನ ತಡವಾಗುತ್ತದೆಂದರೆ, ಅಥವಾ ಹೂಳು ಗಟ್ಟಿಯಾಗಿ ಯಂತ್ರಕ್ಕೆ ಏಳುವುದಿಲ್ಲವೆಂದರೆ, ಯಾರನ್ನಾದರೂ ಕರೆದು ಒಳಗೆ ಇಳಿಸುವ ಯೋಚನೆ ಆ ಅವಸರದಲ್ಲಿ ಹುಟ್ಟುತ್ತದೆ. ಟ್ಯಾಂಕಿಗೆ ಇಳಿದವರು ಜೀವ ಕಳೆದುಕೊಳ್ಳುವ ದುರಂತಗಳ ಹಿಂದೆ ಇಂಥ ಅವಸರವೇ ಹೆಚ್ಚಾಗಿ ಕಾಣುತ್ತದೆ.

ಆದ್ದರಿಂದ ಸೆಪ್ಟಿಕ್ ಟ್ಯಾಂಕಿನ ನಿರ್ವಹಣೆ ಮನೆಯ ಸ್ವಚ್ಛತೆಗೆ ಮಾತ್ರ ಸೇರಿದ ವಿಷಯವಲ್ಲ. ಅದು ಇನ್ನೊಬ್ಬರ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಟ್ಯಾಂಕ್ ಯಾವ ವರ್ಷ ಹೂಳು ತುಂಬಿಕೊಳ್ಳುತ್ತದೆಂಬುದನ್ನು ಸರಳ ಲೆಕ್ಕದಿಂದ ಮೊದಲೇ ತಿಳಿಯಬಹುದು. ತಿಳಿದು ಕಾಲಕ್ಕೆ ಸರಿಯಾಗಿ ಯಂತ್ರದಿಂದ ತೆಗೆಸಿದರೆ ಮನುಷ್ಯರನ್ನು ಇಳಿಸುವ ಪ್ರಸಂಗವೇ ಬಾರದು. ಆ ಲೆಕ್ಕವನ್ನೂ ಅದಕ್ಕೆ ಬೇಕಾದ ತಿಳಿವಳಿಕೆಯನ್ನೂ ಕುಟುಂಬಗಳಿಗೆ ಒದಗಿಸುವುದು ಈ ಪಾಠದ ಉದ್ದೇಶ.

2. ಟ್ಯಾಂಕಿನೊಳಗೆ ನಡೆಯುವುದೇನು

ಸೆಪ್ಟಿಕ್ ಟ್ಯಾಂಕ್ ಎಂಬುದು ನೀರು ಸೋರದಂತೆ ಕಟ್ಟಿದ, ಮುಚ್ಚಳವಿರುವ ತೊಟ್ಟಿ. ಶೌಚಾಲಯದ ನೀರು ಅದರೊಳಗೆ ಬಂದು ಕನಿಷ್ಠ ಒಂದು ದಿನವಾದರೂ ನಿಲ್ಲಬೇಕು. ಹಾಗೆ ನಿಂತಾಗ ಅದು ಮೂರು ಪದರಗಳಾಗಿ ಬೇರ್ಪಡುತ್ತದೆ. ಭಾರವಾದ ಘನವಸ್ತು ತಳಕ್ಕಿಳಿದು ಹೂಳಾಗುತ್ತದೆ. ಎಣ್ಣೆ, ಜಿಡ್ಡು ಮತ್ತು ಹಗುರವಾದ ವಸ್ತುಗಳು ಮೇಲೆ ತೇಲಿ ಕೆನೆಯಂತೆ ಕಟ್ಟಿಕೊಳ್ಳುತ್ತವೆ. ನಡುವೆ ಉಳಿಯುವ ಮಂಕು ನೀರು ಹೊರಹರಿವಿನ ಕೊಳವೆಯಿಂದ ಮುಂದಕ್ಕೆ ಹೋಗುತ್ತದೆ.

ತಳದ ಹೂಳನ್ನು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ನಿಧಾನವಾಗಿ ಕರಗಿಸುತ್ತವೆ. ಈ ಕ್ರಿಯೆಯಲ್ಲಿ ಮೀಥೇನ್, ಇಂಗಾಲದ ಡೈ ಆಕ್ಸೈಡ್ ಹಾಗೂ ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮರಾನ್ ಎಂಬವರು 1895ರ ಸುಮಾರಿಗೆ ಇಂಥ ತೊಟ್ಟಿಯನ್ನು ಕಟ್ಟಿ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರನ್ನು ಬಳಕೆಗೆ ತಂದರು. ಸೂಕ್ಷ್ಮಜೀವಿಗಳು ಎಲ್ಲವನ್ನೂ ಕರಗಿಸಿಬಿಡುತ್ತವೆ, ಟ್ಯಾಂಕನ್ನು ಎಂದೂ ತೆಗೆಸಬೇಕಿಲ್ಲ ಎಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ಅದು ಸರಿಯಲ್ಲ. ಹೂಳಿನ ಒಂದು ಭಾಗ ಕರಗುತ್ತದೆ; ಉಳಿದುದು ವರ್ಷದಿಂದ ವರ್ಷಕ್ಕೆ ತಳದಲ್ಲಿ ಸೇರುತ್ತಲೇ ಹೋಗುತ್ತದೆ.

ಇನ್ನೊಂದು ಸಂಗತಿ ಸ್ಪಷ್ಟವಾಗಿರಬೇಕು. ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಾದ ನೀರಲ್ಲ. ಘನವಸ್ತು ಕಡಿಮೆಯಾಗಿದ್ದರೂ ರೋಗಾಣುಗಳೂ ಜಂತುಗಳ ಮೊಟ್ಟೆಗಳೂ ಅದರಲ್ಲಿರುತ್ತವೆ. ಅದನ್ನು ತೆರೆದ ಚರಂಡಿಗೆ ಬಿಡುವುದು, ಬಯಲಲ್ಲಿ ನಿಲ್ಲದಿದ್ದ ಮಲವನ್ನು ಬೀದಿಯಲ್ಲಿ ಹರಿಯಬಿಟ್ಟಂತೆಯೇ ಸರಿ.

3. ಗುಂಡಿಯೋ, ಸೆಪ್ಟಿಕ್ ಟ್ಯಾಂಕೋ

ಹಳ್ಳಿಯ ಮಾತಿನಲ್ಲಿ ಶೌಚಾಲಯದ ಹಿಂದಿರುವ ಎಲ್ಲವೂ ಗುಂಡಿಯೇ, ಎಲ್ಲವೂ ಟ್ಯಾಂಕೇ. ನಿರ್ವಹಣೆಯ ಕ್ರಮ ಮಾತ್ರ ಒಂದೊಂದಕ್ಕೆ ಒಂದೊಂದು. ಮೊದಲಿಗೆ ತಮ್ಮ ಮನೆಯದು ಯಾವುದೆಂದು ಕುಟುಂಬ ತಿಳಿದುಕೊಳ್ಳಬೇಕು.

ಅ) ತಳಕ್ಕೆ ಕಾಂಕ್ರೀಟು, ಒಳಗೋಡೆಗೆ ಗಿಲಾವು, ಒಳಹರಿವಿಗೂ ಹೊರಹರಿವಿಗೂ ಬೇರೆ ಬೇರೆ ಕೊಳವೆ ಇದ್ದರೆ ಅದು ಸೆಪ್ಟಿಕ್ ಟ್ಯಾಂಕ್.

ಆ) ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಅಥವಾ ಕಲ್ಲನ್ನು ಗಾರೆಯಿಲ್ಲದೆ ಜೋಡಿಸಿ, ತಳವನ್ನು ಮಣ್ಣಾಗಿಯೇ ಬಿಟ್ಟಿದ್ದರೆ ಅದು ಒಂಟಿ ಇಂಗುಗುಂಡಿ. ಅದರ ನೀರು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಇದು ತುಂಬಿದಾಗ ಹಸಿ ಮಲವನ್ನೇ ತೆಗೆಯಬೇಕಾಗುತ್ತದೆ.

ಇ) ಅಂಥವೇ ಎರಡು ಗುಂಡಿಗಳಿದ್ದು, ನಡುವಿನ ಕವಲು ತೊಟ್ಟಿಯಿಂದ ಒಂದಾದ ಮೇಲೊಂದನ್ನು ಬಳಸುವಂತಿದ್ದರೆ ಅದು ಜೋಡಿಗುಂಡಿ ಶೌಚಾಲಯ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸಲಾಗುತ್ತದೆ. ಮುಚ್ಚಿದ ಗುಂಡಿ ಒಂದೂವರೆಯಿಂದ ಎರಡು ವರ್ಷ ಒಣಗಿದರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

ನೀರು ಬೇಗ ಇಂಗುವ, ಅಂತರ್ಜಲ ಆಳದಲ್ಲಿರುವ ನೆಲದಲ್ಲಿ ಜೋಡಿಗುಂಡಿಯೇ ಉತ್ತಮವಾದ ಆಯ್ಕೆ. ಒಂಟಿ ಗುಂಡಿಯುಳ್ಳ ಕುಟುಂಬ ಪಕ್ಕದಲ್ಲಿ ಎರಡನೆಯದನ್ನು ತೋಡಿಸಿ ಕವಲು ತೊಟ್ಟಿ ಸೇರಿಸಿದರೆ ಅದೂ ಜೋಡಿಗುಂಡಿಯಾಗುತ್ತದೆ. ಕೆಂಚನಗುಡ್ಡದಂಥ ಊರಿನಲ್ಲಿ ನೆಲದ ಗುಣವನ್ನು ಮೊದಲು ಪರೀಕ್ಷಿಸಬೇಕು. ಅದರ ವಿವರ ಐದನೆಯ ಭಾಗದಲ್ಲಿದೆ.

4. ಸರಿಯಾದ ಟ್ಯಾಂಕಿನ ಅಳತೆ ಮತ್ತು ರಚನೆ

ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಖ್ಯೆಯ ಸಂಹಿತೆ (ಭಾಗ 1, 1985) ಮನೆಯ ಸೆಪ್ಟಿಕ್ ಟ್ಯಾಂಕಿನ ಅಳತೆಗಳನ್ನು ನಿಗದಿಪಡಿಸಿದೆ. ಟ್ಯಾಂಕಿನಲ್ಲಿ ಕನಿಷ್ಠ 1,000 ಲೀಟರ್ ನೀರು ನಿಲ್ಲಬೇಕು. ಅಗಲ 75 ಸೆಂಟಿಮೀಟರಿಗಿಂತ ಕಡಿಮೆಯಿರಬಾರದು. ನೀರಿನ ಆಳ ಕನಿಷ್ಠ 1 ಮೀಟರ್ ಇರಬೇಕು. ಉದ್ದವು ಅಗಲದ ಎರಡರಿಂದ ನಾಲ್ಕು ಪಟ್ಟು ಇರಬೇಕು. ನೀರಿನ ಮಟ್ಟಕ್ಕೂ ಚಪ್ಪಡಿಗೂ ನಡುವೆ ಕನಿಷ್ಠ 30 ಸೆಂಟಿಮೀಟರ್ ಖಾಲಿ ಜಾಗ ಇರಬೇಕು. ಐವರ ಕುಟುಂಬಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳದ ಟ್ಯಾಂಕ್ ಸಾಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸುವುದಾದರೆ ಹತ್ತು ಮಂದಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, 1 ಮೀಟರ್ ಆಳ ಸಾಕು.

ಉದ್ದವಾದ ಟ್ಯಾಂಕಿಗೆ ಕಾರಣವಿದೆ. ಬಂದ ನೀರು ನಿಧಾನವಾಗಿ ಸಾಗಿದಷ್ಟೂ ಹೂಳು ಚೆನ್ನಾಗಿ ತಳಕ್ಕಿಳಿಯುತ್ತದೆ. ಚೌಕಾಕಾರದ ಆಳದ ಬಾವಿಯಂಥ ಟ್ಯಾಂಕಿನಲ್ಲಿ ಬಂದ ನೀರು ನೇರವಾಗಿ ಹೊರಬಾಯಿಗೆ ನುಗ್ಗುತ್ತದೆ. 2,000 ಲೀಟರಿಗಿಂತ ದೊಡ್ಡ ಟ್ಯಾಂಕಿಗೆ ನಡುಗೋಡೆ ಹಾಕಿ ಎರಡು ಕೋಣೆಗಳನ್ನು ಮಾಡಬೇಕು. ಮೊದಲ ಕೋಣೆ ಒಟ್ಟು ಉದ್ದದ ಮೂರನೇ ಎರಡು ಭಾಗದಷ್ಟಿರಬೇಕು. ಒಳಬಾಯಿಗೂ ಹೊರಬಾಯಿಗೂ ಟಿ ಆಕಾರದ ಕೊಳವೆಯಿರಬೇಕು. ಹೊರಬಾಯಿಯ ಟಿ ಕೊಳವೆ ಇಲ್ಲದಿದ್ದರೆ ಮೇಲೆ ತೇಲುವ ಕೆನೆ ಇಂಗುಗುಂಡಿಗೆ ಹೋಗಿ ಅದರ ಸಂದುಗಳನ್ನು ಮುಚ್ಚುತ್ತದೆ.

ಟ್ಯಾಂಕಿಗೆ ಕನಿಷ್ಠ 5 ಸೆಂಟಿಮೀಟರ್ ವ್ಯಾಸದ ಗಾಳಿ ಕೊಳವೆ ಇರಬೇಕು. ಮನೆಗಳ ನಡುವೆ ಇರುವ ಟ್ಯಾಂಕಾದರೆ ಕೊಳವೆಯ ತುದಿ ಮನೆಯ ಮಾಳಿಗೆಗಿಂತ 2 ಮೀಟರ್ ಮೇಲಕ್ಕಿರಬೇಕು. ತುದಿಗೆ ಸೊಳ್ಳೆಬಲೆ ಕಟ್ಟಬೇಕು. ಚಪ್ಪಡಿಯಲ್ಲಿ ತೆಗೆದು ಹಾಕಲು ಬರುವ ಮುಚ್ಚಳ ಇರಲೇಬೇಕು. ಮುಚ್ಚಳವಿಲ್ಲದೆ ಚಪ್ಪಡಿ ಬಿಗಿದು ಮೇಲೆ ಅಂಗಳಕ್ಕೆ ಕಲ್ಲು ಹಾಸಿದರೆ, ಮುಂದೆ ಚಪ್ಪಡಿ ಒಡೆಯುವ ಕೆಲಸವೇ ಒಂದು ಅಪಾಯವಾಗುತ್ತದೆ.

5. ಎರೆಮಣ್ಣು, ಅಂತರ್ಜಲ ಮತ್ತು ಇಂಗುಗುಂಡಿ

ಕೆಂಚನಗುಡ್ಡ ತುಂಗಭದ್ರೆಯ ದಡದಲ್ಲಿರುವ ಊರು. ಸಿರುಗುಪ್ಪ ತಾಲ್ಲೂಕು ಎರೆನೆಲಕ್ಕೂ ಭತ್ತದ ಬೆಳೆಗೂ ಹೆಸರಾದುದು. ಈ ಎರಡೂ ಸಂಗತಿಗಳು ಸೆಪ್ಟಿಕ್ ಟ್ಯಾಂಕಿನ ಮೇಲೆ ನೇರ ಪರಿಣಾಮ ಬೀರುತ್ತವೆ.

ಎರೆಮಣ್ಣು ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈ ಹಿಗ್ಗು ಕುಗ್ಗುಗಳಿಗೆ ಸಿಕ್ಕ ತೆಳುಗೋಡೆಯ ಟ್ಯಾಂಕ್ ಕೆಲವೇ ವರ್ಷಗಳಲ್ಲಿ ಸೀಳಬಹುದು. ಆದ್ದರಿಂದ ಟ್ಯಾಂಕಿನ ತಳಕ್ಕೂ ಸುತ್ತಲೂ ಮರಳು ಅಥವಾ ಗರಸು ತುಂಬಿ, ಎರೆಮಣ್ಣು ನೇರವಾಗಿ ಗೋಡೆಗೆ ತಾಗದಂತೆ ಕಟ್ಟಬೇಕು. ಎರಡನೆಯದಾಗಿ, ಹಸಿಯಾದ ಎರೆಯಲ್ಲಿ ನೀರು ಬಹಳ ನಿಧಾನವಾಗಿ ಇಂಗುತ್ತದೆ. ಮೂರನೆಯದಾಗಿ, ಗದ್ದೆಗಳಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಸುತ್ತಲಿನ ನೆಲದ ನೀರಿನ ಮಟ್ಟವೂ ಮೇಲೇರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಇಂಗುತ್ತಿದ್ದ ಗುಂಡಿ ಮಳೆಗಾಲದಲ್ಲಿ ಉಕ್ಕಿದರೆ ಅದಕ್ಕೆ ಕಾರಣ ಹೆಚ್ಚಾಗಿ ಇದೇ. ಅಂಥ ಸಮಯದಲ್ಲಿ ಟ್ಯಾಂಕನ್ನು ಖಾಲಿ ಮಾಡಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಇಂಗುವ ಗುಣವನ್ನು ಮನೆಯವರೇ ಪರೀಕ್ಷಿಸಬಹುದು. ಇಂಗುಗುಂಡಿ ಬರಬೇಕಾದ ಜಾಗದಲ್ಲಿ ಒಂದು ಅಡಿ ಅಗಲದ ಕುಳಿಯನ್ನು ಬೇಕಾದ ಆಳಕ್ಕೆ ತೋಡಿ, ತಳಕ್ಕೆ ಎರಡು ಅಂಗುಲ ಜಲ್ಲಿ ಹಾಕಿ, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಬೇಕು. ಮರುದಿನ ಜಲ್ಲಿಯ ಮೇಲೆ ಅರ್ಧ ಅಡಿ ನೀರು ನಿಲ್ಲಿಸಿ, ಅದು 25 ಮಿಲಿಮೀಟರ್, ಅಂದರೆ ಒಂದು ಅಂಗುಲ ಇಳಿಯಲು ಎಷ್ಟು ನಿಮಿಷ ಬೇಕಾಯಿತೆಂದು ನೋಡಬೇಕು.

– 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತದೆ.
– 30ರಿಂದ 60 ನಿಮಿಷ ಬೇಕಾದರೆ ಜಲ್ಲಿ ತುಂಬಿದ ಉದ್ದನೆಯ ಇಂಗುಕಾಲುವೆ ಬೇಕು.
– 60 ನಿಮಿಷಕ್ಕಿಂತ ಹೆಚ್ಚಾದರೆ ನೆಲ ಇಂಗಿಸಲು ತಕ್ಕುದಲ್ಲ. ಟ್ಯಾಂಕಿನ ನಂತರ, ನೀರು ಕೆಳಗಿನಿಂದ ಮೇಲಕ್ಕೇರುವ ಜಲ್ಲಿ ಶೋಧಕವನ್ನು ಕಟ್ಟಬೇಕಾಗುತ್ತದೆ.

ನೆನೆಸುವ ಹಂತವನ್ನು ಎರೆನೆಲದಲ್ಲಿ ಎಂದಿಗೂ ಬಿಡಬಾರದು. ಬೇಸಿಗೆಯಲ್ಲಿ ಬಿರಿದ ನೆಲಕ್ಕೆ ಸುರಿದ ನೀರು ಬಿರುಕುಗಳಲ್ಲಿ ಕ್ಷಣದಲ್ಲಿ ಮಾಯವಾಗುತ್ತದೆ. ಅದನ್ನು ನೋಡಿ ನೆಲ ಚೆನ್ನಾಗಿ ಇಂಗುತ್ತದೆಂದು ತಿಳಿದು ಕಟ್ಟಿದ ಗುಂಡಿ ಮೊದಲ ಮಳೆಗೇ ನಿಂತುಬಿಡುತ್ತದೆ. ನೆಲದ ನೀರು 1.8 ಮೀಟರಿಗಿಂತ ಮೇಲೆ ಬರುವ ಜಾಗದಲ್ಲಿ ಇಂಗುಕಾಲುವೆಯನ್ನು ನೆಲದ ಮೇಲೆ ಮಣ್ಣಿನ ದಿಬ್ಬ ಮಾಡಿ ಅದರೊಳಗೆ ನಿರ್ಮಿಸಬೇಕು.

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಇರಬೇಕು. ವಾಸದ ಮನೆಯಿಂದ ಕನಿಷ್ಠ 6 ಮೀಟರ್ ಅಂತರ ಬೇಕು. ತಮ್ಮ ಬಾವಿಯಿಂದ ಅಳೆದರೆ ಸಾಲದು. ನೆರೆಮನೆಯ ಬಾವಿ, ಕೊಳವೆಬಾವಿಗಳಿಂದಲೂ ಅಳೆಯಬೇಕು.

6. ದಿನಬಳಕೆಯ ಕ್ರಮ

ಹೊಸ ಟ್ಯಾಂಕನ್ನು ಬಳಸುವ ಮೊದಲು ಹೊರಬಾಯಿಯ ಮಟ್ಟದವರೆಗೆ ನೀರು ತುಂಬಬೇಕು. ಕೊಳೆತ ಸಗಣಿಯನ್ನು ಸ್ವಲ್ಪ ಹಾಕಿದರೆ ಸೂಕ್ಷ್ಮಜೀವಿಗಳು ಬೇಗ ನೆಲೆಗೊಳ್ಳುತ್ತವೆ. ಆ ಬಳಿಕ ಯಾವ ಪುಡಿ, ದ್ರಾವಣವೂ ಬೇಡ. ಅವಕ್ಕೆ ಬೇಕಾದ ಆಹಾರ ದಿನವೂ ಬರುತ್ತಿರುತ್ತದೆ.

ಶೌಚಾಲಯ ತೊಳೆಯಲು ಬಳಸುವ ಅಲ್ಪ ಪ್ರಮಾಣದ ಫಿನಾಯಿಲ್‌ನಿಂದ ಹಾನಿಯಿಲ್ಲ. ಆಸಿಡ್, ಬ್ಲೀಚಿಂಗ್ ಪುಡಿಗಳನ್ನು ಹೆಚ್ಚಾಗಿ ಸುರಿದರೆ ಹೂಳು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್, ಬಟ್ಟೆಚೂರು, ಪ್ಲಾಸ್ಟಿಕ್ ಚೀಟಿ, ಕೂದಲು, ಬೂದಿ, ಮರಳು, ಅಡುಗೆ ಎಣ್ಣೆ ಇವು ಟ್ಯಾಂಕಿಗೆ ಹೋಗಬಾರದು. ಇವು ಕರಗುವುದಿಲ್ಲ. ಬಟ್ಟೆ ಮತ್ತು ಪ್ಯಾಡುಗಳು ಟ್ಯಾಂಕರಿನ ಕೊಳವೆಗೆ ಸಿಕ್ಕಿಕೊಂಡು ಯಂತ್ರ ನಿಂತಾಗಲೇ ಯಾರಾದರೂ ಒಳಗೆ ಕೈ ಹಾಕುವ, ಇಳಿಯುವ ಸಂದರ್ಭ ಬರುತ್ತದೆ. ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಡಬ್ಬಿ ಇರಿಸಿದರೆ ಆ ಅಪಾಯ ಅಲ್ಲಿಗೇ ನಿಲ್ಲುತ್ತದೆ.

ಸ್ನಾನದ, ಬಟ್ಟೆ ಒಗೆದ, ಪಾತ್ರೆ ತೊಳೆದ ನೀರನ್ನು ಚಿಕ್ಕ ಟ್ಯಾಂಕಿಗೆ ಬಿಡಬಾರದು. ನೀರು ಹೆಚ್ಚಾದಷ್ಟೂ ಅದು ಟ್ಯಾಂಕಿನಲ್ಲಿ ನಿಲ್ಲುವ ಸಮಯ ಕಡಿಮೆಯಾಗಿ, ಹೂಳು ತಳಕ್ಕಿಳಿಯದೆ ಹೊರಗೆ ಹರಿಯುತ್ತದೆ. ಅಂಥ ನೀರಿಗೆ ಬಚ್ಚಲುಗುಂಡಿಯೋ ಕೈತೋಟವೋ ಬೇರೆ ದಾರಿಯಾಗಬೇಕು.

7. ಹೂಳು ತೆಗೆಸುವ ಕಾಲ: ಒಂದು ಲೆಕ್ಕ

ಕೆನೆ ಮತ್ತು ಹೂಳು ಎರಡೂ ಸೇರಿ ನೀರಿನ ಆಳದ ಅರ್ಧ ಮೀರುವ ಮೊದಲೇ ಟ್ಯಾಂಕನ್ನು ತೆಗೆಸಬೇಕು. ಆ ಹೊತ್ತು ಯಾವಾಗ ಬರುತ್ತದೆಂದು ಹೀಗೆ ಲೆಕ್ಕ ಹಾಕಬಹುದು. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 40 ಲೀಟರ್ ಹೂಳು ಸೇರುತ್ತದೆಂದು ಹಿಡಿಯೋಣ.

ಉದಾಹರಣೆ 1: ಐವರ ಕುಟುಂಬ, 1.5 × 0.75 × 1 ಮೀಟರ್ ಟ್ಯಾಂಕ್. ಒಟ್ಟು 1,125 ಲೀಟರ್. ಅದರ ಅರ್ಧ ಸುಮಾರು 560 ಲೀಟರ್. ವರ್ಷಕ್ಕೆ ಸೇರುವ ಹೂಳು 200 ಲೀಟರ್. ಎರಡೂವರೆ ವರ್ಷ ದಾಟುತ್ತಿದ್ದಂತೆ ತೆಗೆಸಬೇಕು.

ಉದಾಹರಣೆ 2: ಅದೇ ಟ್ಯಾಂಕ್, ಆದರೆ ಮಗನ ಮದುವೆಯಾಗಿ, ಮೊಮ್ಮಕ್ಕಳು ಹುಟ್ಟಿ ಮನೆಯಲ್ಲಿ ಎಂಟು ಮಂದಿ. ವರ್ಷಕ್ಕೆ 320 ಲೀಟರ್. ಒಂದೂ ಮುಕ್ಕಾಲು ವರ್ಷಕ್ಕೇ ತೆಗೆಸಬೇಕು. ಮನೆಯ ಮಂದಿ ಹೆಚ್ಚಾದಾಗ ಲೆಕ್ಕವನ್ನು ಮತ್ತೆ ಹಾಕಬೇಕೆಂಬುದು ಇದರ ಪಾಠ.

ಉದಾಹರಣೆ 3: ಎಂಟು ಮಂದಿಯ ಕುಟುಂಬ, ನೀರು ನಿಲ್ಲುವ ಅಳತೆ 8 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ದೊಡ್ಡ ಟ್ಯಾಂಕ್. ಒಟ್ಟು ಸುಮಾರು 5,660 ಲೀಟರ್. ಬರೀ ಲೆಕ್ಕದಂತೆ ಎಂಟು ವರ್ಷವಾದರೂ ಅರ್ಧ ತುಂಬದು. ಆದರೂ ಇದನ್ನು ಮೂರು ವರ್ಷಕ್ಕೊಮ್ಮೆ ತೆಗೆಸುವುದೇ ಕ್ಷೇಮ. ಬಹುಕಾಲ ಕದಲದೆ ಬಿದ್ದ ಹೂಳು ತಳದಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. ಯಂತ್ರ ಮೇಲಿನ ನೀರನ್ನಷ್ಟೇ ಎಳೆದುಕೊಳ್ಳುತ್ತದೆ, ತಳದ್ದು ಉಳಿಯುತ್ತದೆ. ಸಲಿಕೆ ಹಿಡಿದು ಇಳಿಯುವವರನ್ನು ಹುಡುಕುವುದು ಆಗಲೇ. ದೊಡ್ಡ ಟ್ಯಾಂಕ್ ಕಟ್ಟಿಸಿದರೆ ಜೀವಮಾನದ ಚಿಂತೆ ತಪ್ಪಿತೆಂಬ ಎಣಿಕೆ ಹೀಗೆ ಅಪಾಯಕ್ಕೆ ದಾರಿಯಾಗುತ್ತದೆ.

ಲೆಕ್ಕಕ್ಕೆ ಕಾಯದೆ ತೆಗೆಸಬೇಕಾದ ಸೂಚನೆಗಳೂ ಇವೆ: ಶೌಚಾಲಯದ ನೀರು ನಿಧಾನವಾಗಿ ಇಳಿಯುವುದು, ಒಳಗಿನಿಂದ ಗುಳುಗುಳು ಸದ್ದು ಬರುವುದು, ಟ್ಯಾಂಕಿನ ಸುತ್ತ ನೆಲ ಸದಾ ತೇವವಾಗಿರುವುದು, ಹೊರಬಾಯಿಯಿಂದ ಕಪ್ಪು ಕಣಗಳಿರುವ ನೀರು ಬರುವುದು.

ತೆಗೆಸಲು ತಕ್ಕ ಕಾಲ ಬೇಸಿಗೆ. ಕೊಯ್ಲು ಮುಗಿದು, ಕಾಲುವೆ ನಿಂತು, ನೆಲದ ನೀರು ಇಳಿದಿರುವ ದಿನಗಳಲ್ಲಿ ಟ್ಯಾಂಕರ್ ಮನೆಯ ಹಿಂದಿನವರೆಗೂ ಬರಬಲ್ಲದು. ಮಳೆಗಾಲದಲ್ಲಿ ಟ್ಯಾಂಕನ್ನು ಪೂರ್ತಿ ಬರಿದು ಮಾಡಿದರೆ ಸುತ್ತಲಿನ ನೀರಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬಾಗಬಹುದು, ತಳ ಮೇಲೇಳಬಹುದು.

8. ಹೂಳು ತೆಗೆಸುವ ದಿನ

1. ಹೂಳೆತ್ತುವ ಯಂತ್ರವಿರುವ ಟ್ಯಾಂಕರನ್ನೇ ಕರೆಸಬೇಕು. ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಿ, ಹೂಳನ್ನು ಎಲ್ಲಿಗೆ ಒಯ್ಯುವರೆಂಬುದನ್ನು ಖಚಿತಪಡಿಸಿಕೊಳ್ಳಬೇಕು.
2. ಮುಚ್ಚಳಗಳನ್ನೆಲ್ಲ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಬೇಕು. ಹಾಗೆ ಬಿಟ್ಟ ಮಾತ್ರಕ್ಕೆ ಟ್ಯಾಂಕ್ ಇಳಿಯಲು ಸುರಕ್ಷಿತವಾಗುವುದಿಲ್ಲ.
3. ಬೀಡಿ, ಬೆಂಕಿಕಡ್ಡಿ, ದೀಪಗಳನ್ನು ಹತ್ತಿರ ತರಬಾರದು. ಮೀಥೇನ್ ಹೊತ್ತಿಕೊಳ್ಳುವ ಅನಿಲ. ದೀಪ ಇಳಿಬಿಟ್ಟು ಗಾಳಿ ಪರೀಕ್ಷಿಸುವ ಹಳೆಯ ರೂಢಿ ಸ್ಫೋಟಕ್ಕೆ ಕಾರಣವಾಗಬಲ್ಲದು.
4. ಮಕ್ಕಳು, ಜಾನುವಾರುಗಳು ಹತ್ತಿರ ಬಾರದಂತೆ ಹಗ್ಗ ಕಟ್ಟಬೇಕು. ಯಾರೂ ಬಾಯಿಯ ಮೇಲೆ ಬಾಗಿ ನೋಡಬಾರದು.
5. ತಳದ ಹೂಳು ಗಟ್ಟಿಯಾಗಿದ್ದರೆ ನೀರು ರಭಸದಿಂದ ಚಿಮ್ಮಿಸಿ ಅದನ್ನು ಕಲಕಿ, ಮತ್ತೆ ಯಂತ್ರದಿಂದ ಎಳೆಯಬೇಕು. ಒಮ್ಮೆಗೆ ಆಗದಿದ್ದರೆ ನೀರು ತುಂಬಿ ನೆನೆಯಲು ಬಿಟ್ಟು ಇನ್ನೊಂದು ದಿನ ತೆಗೆಸಬೇಕು. ಇಳಿಯುವುದು ಇದಕ್ಕೆ ಪರಿಹಾರವಲ್ಲ.
6. ತಳದಲ್ಲಿ ಸ್ವಲ್ಪ ಹೂಳನ್ನು ಉಳಿಸಬೇಕು. ಅದು ಮುಂದಿನ ಸೂಕ್ಷ್ಮಜೀವಿಗಳಿಗೆ ಹೆಪ್ಪು. ಟ್ಯಾಂಕನ್ನು ಉಜ್ಜಿ, ಔಷಧ ಹಾಕಿ ತೊಳೆಯಬಾರದು.
7. ಟಿ ಕೊಳವೆ, ಗೋಡೆಯ ಬಿರುಕುಗಳನ್ನು ಮೇಲಿನಿಂದಲೇ ಟಾರ್ಚ್ ಬೆಳಕಿನಲ್ಲಿ ಟ್ಯಾಂಕರ್ ಸಿಬ್ಬಂದಿಯಿಂದ ನೋಡಿಸಿ, ಮುಚ್ಚಳವನ್ನು ಸಂದಿಲ್ಲದಂತೆ ಮುಚ್ಚಿ, ಟ್ಯಾಂಕಿಗೆ ನೀರು ತುಂಬಬೇಕು.

9. ಮನುಷ್ಯರು ಏಕೆ ಇಳಿಯಬಾರದು

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ ಅನಿಲ. ಟ್ಯಾಂಕಿನ ತಳದಲ್ಲೇ ಉಳಿಯುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 100 ಭಾಗ ಮುಟ್ಟಿದಾಗ ಮೂಗಿನ ಗ್ರಹಣಶಕ್ತಿಯೇ ಕುಂದಿ ವಾಸನೆ ತಿಳಿಯದಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. 500 ಭಾಗ ಮೀರಿದರೆ ಪ್ರಜ್ಞೆ ತಪ್ಪುತ್ತದೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೇ ಕುಸಿಯಬಹುದು. ಕದಲದೆ ಇದ್ದ ಹೂಳನ್ನು ಕಾಲಿನಿಂದ ಕಲಕಿದಾಗ ಅದರಲ್ಲಿ ಸೆರೆಯಾಗಿದ್ದ ಅನಿಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಬಾಯಿಗೆ ಕಟ್ಟಿದ ಟವೆಲ್ಲಾಗಲಿ ಬಟ್ಟೆಯ ಮಾಸ್ಕಾಗಲಿ ಇದನ್ನು ತಡೆಯವು.

ಒಬ್ಬರು ಬಿದ್ದರೆಂದು ಕಾಪಾಡಲು ಇಳಿದ ಎರಡನೆಯವರೂ ಮೂರನೆಯವರೂ ಅದೇ ಗಾಳಿಯಲ್ಲಿ ಕುಸಿಯುತ್ತಾರೆ. ಅಂಥ ಸಂದರ್ಭದಲ್ಲಿ ಯಾರೂ ಇಳಿಯದೆ ಕೂಡಲೇ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ನೆರವನ್ನೂ 108ಕ್ಕೆ ಕರೆ ಮಾಡಿ ಆಂಬುಲೆನ್ಸನ್ನೂ ಕೋರಬೇಕು. ಎಲ್ಲ ಮುಚ್ಚಳಗಳನ್ನೂ ತೆರೆಯಬೇಕು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವಂಥ ಹಿನ್ನೆಲೆಯಿದೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಮಲ ಹೊರುವವರ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯ್ದೆ 2013ರ ಡಿಸೆಂಬರ್ 6ರಿಂದ ದೇಶದಲ್ಲಿ ಜಾರಿಯಲ್ಲಿದೆ. ಅದರ 7ನೇ ಕಲಮಿನಂತೆ ಯಾವ ವ್ಯಕ್ತಿಯೂ ಸಂಸ್ಥೆಯೂ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ತೊಡಗಿಸುವಂತಿಲ್ಲ. ಮನೆಯ ಯಜಮಾನರಿಗೂ ಇದು ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕೆಲಸಗಾರರು ತಾವಾಗಿಯೇ ಒಪ್ಪಿ ಬಂದರೆಂಬ ಮಾತು ಇದಕ್ಕೆ ಸಮಾಧಾನವಾಗದು. ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರ ಮಾರ್ಚ್ 27ರಂದು ತೀರ್ಪಿತ್ತಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

10. ತೆಗೆದ ಹೂಳು ಎಲ್ಲಿಗೆ

ಮನೆಯಿಂದ ಟ್ಯಾಂಕರ್ ಹೊರಟಲ್ಲಿಗೆ ಕುಟುಂಬದ ಹೊಣೆ ಮುಗಿಯದು. ಹೂಳನ್ನು ಹಳ್ಳಕ್ಕೋ ಕಾಲುವೆಗೋ ನದಿಗೋ ಸುರಿಯುವುದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಂತೆ ಅಪರಾಧ. ಕೆಂಚನಗುಡ್ಡದ ಬಳಿ ಹರಿಯುವ ತುಂಗಭದ್ರೆ ಮುಂದೆ ಮಂತ್ರಾಲಯವನ್ನೂ ಕರ್ನೂಲನ್ನೂ ಮುಟ್ಟುತ್ತದೆ. ಆ ದಾರಿಯುದ್ದಕ್ಕೂ ಜನ ಮೀಯುವ, ಕುಡಿಯುವ ನೀರು ಅದು.

ಹಸಿ ಹೂಳನ್ನು ಗದ್ದೆಗೆ, ಅದರಲ್ಲೂ ಸೊಪ್ಪು ತರಕಾರಿಯ ಮಡಿಗೆ ಹಾಕಬಾರದು. ಜಂತುಗಳ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಬರಿಗಾಲಿನಲ್ಲಿ ನಾಟಿ ಮಾಡುವವರಿಗೂ ಹಸಿ ತರಕಾರಿ ತಿನ್ನುವವರಿಗೂ ಅವು ತಗಲುತ್ತವೆ. ಸಂಸ್ಕರಣಾ ಘಟಕಕ್ಕೆ ಒಯ್ಯುವುದೇ ಸರಿಯಾದ ದಾರಿ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕ ಇದಕ್ಕೆ ಮಾದರಿ. ಅಲ್ಲಿ ಹೂಳನ್ನು ಕೊಳೆಯಿಸಿ, ಹಾಸುಗಳಲ್ಲಿ ಒಣಗಿಸಿ, ಹಸಿ ಕಸದೊಡನೆ ಸೇರಿಸಿ ಗೊಬ್ಬರ ಮಾಡಲಾಗುತ್ತದೆ. ಘಟಕ ದೂರವಿರುವ ಕಡೆ, ಜನವಸತಿಯಿಂದಲೂ ನೀರಿನ ಮೂಲದಿಂದಲೂ ದೂರದ, ನೆರೆ ಮುಟ್ಟದ ಎತ್ತರದ ಜಾಗವನ್ನು ಪಂಚಾಯಿತಿ ಗುರುತಿಸಿ, ಆಳದ ಕಂದಕದಲ್ಲಿ ಹೂಳು ಹಾಕಿ ಮಣ್ಣು ಮುಚ್ಚುವ ಕ್ರಮವನ್ನು ಅನುಸರಿಸಬಹುದು. ಮೇಲೆ ಮರ ನೆಡಬಹುದು.

11. ನೆರೆಯ ದಿನಗಳಲ್ಲಿ

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಉತ್ತರ ಕರ್ನಾಟಕದ ನದಿತೀರದ ಊರುಗಳು ಮರೆತಿಲ್ಲ. ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಬಿಡುವ ಮುನ್ಸೂಚನೆ ಬಂದಾಗ ತಗ್ಗಿನ ಮನೆಗಳವರು ಟ್ಯಾಂಕಿನ ಮುಚ್ಚಳಗಳ ಸಂದನ್ನು ಗಾರೆಯಿಂದ ಬಿಗಿಗೊಳಿಸಬೇಕು. ಟ್ಯಾಂಕಿನ ಮೇಲೆ ನೀರು ನಿಂತಿರುವಾಗ ಆ ಶೌಚಾಲಯವನ್ನು ಬಳಸಬಾರದು. ನೀರು ಇಳಿಯುವವರೆಗೆ ಟ್ಯಾಂಕನ್ನು ಖಾಲಿ ಮಾಡಿಸಬಾರದು. ನೆರೆ ನುಗ್ಗಿದ ಬಾವಿಯ ನೀರನ್ನು ಆರೋಗ್ಯ ಕಾರ್ಯಕರ್ತರು ಬ್ಲೀಚಿಂಗ್ ಪುಡಿಯಿಂದ ಶುದ್ಧೀಕರಿಸಿ ಪರೀಕ್ಷಿಸಿದ ಮೇಲಷ್ಟೇ ಬಳಸಬೇಕು. ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯಬೇಕು.

12. ಮನೆಯಲ್ಲಿ ಬರೆದಿಡಬೇಕಾದ ವಿವರ

ಶೌಚಾಲಯದ ಬಾಗಿಲ ಹಿಂದೆ ಬಣ್ಣದಲ್ಲಿ ಬರೆದಿಡಬೇಕಾದ ಐದು ಸಾಲುಗಳಿವು:

– ಟ್ಯಾಂಕ್ ಕಟ್ಟಿಸಿದ ವರ್ಷ
– ಉದ್ದ, ಅಗಲ, ನೀರಿನ ಆಳ. ಮುಚ್ಚಳ ಇರುವ ಜಾಗ
– ಬಳಸುವ ಮಂದಿಯ ಸಂಖ್ಯೆ
– ಕಳೆದ ಸಲ ಹೂಳು ತೆಗೆಸಿದ ತಿಂಗಳು, ವರ್ಷ
– ಮುಂದೆ ತೆಗೆಸಬೇಕಾದ ತಿಂಗಳು, ವರ್ಷ

ಒಂದು ಓಣಿಯ ಹತ್ತು ಮನೆಗಳು ಈ ವಿವರವನ್ನು ಒಟ್ಟುಗೂಡಿಸಿದರೆ ಟ್ಯಾಂಕರನ್ನು ಒಂದೇ ದಿನ ಕರೆಸಬಹುದು. ಓಡಾಟದ ಖರ್ಚು ಹಂಚಿಹೋಗುತ್ತದೆ.

ವಾರ್ಡ್ ಸಭೆ ಹಾಗೂ ಸ್ವಸಹಾಯ ಸಂಘಗಳಲ್ಲಿ ಚರ್ಚೆಗೆ

1. ತಮ್ಮ ಓಣಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಷ್ಟು, ಒಂಟಿ ಗುಂಡಿ ಎಷ್ಟು, ಜೋಡಿಗುಂಡಿ ಎಷ್ಟು?
2. ಯಾವ ಮನೆಗಳ ಟ್ಯಾಂಕಿನ ನೀರು ತೆರೆದ ಚರಂಡಿ ಸೇರುತ್ತಿದೆ? ಅದನ್ನು ತಡೆಯಲು ನೆಲದ ಗುಣಕ್ಕೆ ತಕ್ಕ ವಿಧಾನ ಯಾವುದು?
3. ಇಂಗುಗುಂಡಿಯಿಂದ 18 ಮೀಟರಿನೊಳಗೆ ಇರುವ ಕುಡಿಯುವ ನೀರಿನ ಮೂಲಗಳು ಯಾವುವು?
4. ಎಂಟು ಮಂದಿಯ ಕುಟುಂಬ 2 × 0.9 × 1 ಮೀಟರ್ ಟ್ಯಾಂಕನ್ನು ಎಷ್ಟು ವರ್ಷಕ್ಕೊಮ್ಮೆ ತೆಗೆಸಬೇಕು? (ಉತ್ತರ: 1,800 ಲೀಟರಿನ ಅರ್ಧ 900, ವರ್ಷಕ್ಕೆ 320 ಲೀಟರ್, ಎರಡೂವರೆ ವರ್ಷ ದಾಟುತ್ತಿದ್ದಂತೆ.)
5. ಬರುವ ಬೇಸಿಗೆಯಲ್ಲಿ ತೆಗೆಸಲೇಬೇಕಾದ ಮನೆಗಳು ಯಾವುವು? ಟ್ಯಾಂಕರ್ ಕರೆಸುವ ಹೊಣೆ ಯಾರದು, ಯಾವ ದಿನಾಂಕದೊಳಗೆ?

ಐದನೆಯ ಪ್ರಶ್ನೆಗೆ ಸಭೆಯಲ್ಲೇ ಉತ್ತರ ದೊರೆತು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ದಿನಾಂಕ ಮೊದಲೇ ಗೊತ್ತಿರುವ ಊರಿನಲ್ಲಿ ಅವಸರ ಹುಟ್ಟುವುದಿಲ್ಲ. ಅವಸರ ಇಲ್ಲದಲ್ಲಿ ಯಾರನ್ನೂ ಟ್ಯಾಂಕಿಗೆ ಇಳಿಸುವ ಮಾತೂ ಬರುವುದಿಲ್ಲ.